ದೊಡ್ಡವರಾದ ಮೇಲೆ ಏನಾಗುತ್ತೀರಿ, ಅಂಕಲ್?

ಈ ಪ್ರಸಂಗವನ್ನು ನನ್ನ ಇಬ್ಬರು ಸ್ನೇಹಿತರು ಮೈಸೂರಿನಲ್ಲಿ ಈಗಲೂ ಹೇಳುತ್ತಿರುತ್ತಾರೆ. ಅವರ ಕತೆಯಲ್ಲಿ ನಾನು ಫರೀದಾಬಾದಿನ ಕಾರ್ಮಿಕರ ಮಕ್ಕಳಿಗೆ ಪ್ರಶ್ನೆ ಕೇಳುವ ಧೈರ್ಯ ಕಲಿಸಿದ ಟೀಚರ್. ಕೇಳಿದವರು ತಲೆದೂಗುತ್ತಾರಂತೆ. ಕತೆ ಚೆನ್ನಾಗಿದೆ, ಆದರೆ ಸುಳ್ಳು. ನಾನು ಕಲಿಸಿದ್ದು ಭಿನ್ನರಾಶಿ. ಪ್ರಶ್ನೆ ಕೇಳಿದವಳು ಬೇರೆ, ಪ್ರಶ್ನೆ ಅವಳದ್ದು. ಅದನ್ನು ಅವಳಿಂದ ಕಿತ್ತು ನನ್ನ ಕೈಗಿಡಲು ಅವತ್ತೇ ಶುರು ಮಾಡಿದರು, ಇನ್ನೂ ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಾರವಿಡೀ ಗುರ್‌ಗಾಂವ್‌ನ ಆಫೀಸು, ಭಾನುವಾರ ಬೆಳಿಗ್ಗೆ ಫರೀದಾಬಾದಿನಲ್ಲಿ ಲೆಕ್ಕದ ಪಾಠ. ಸಂಬಳವಿಲ್ಲದ ಕೆಲಸ. ಪರದೇಶದಲ್ಲಿ ಕೂತು ಪರರ ಮಕ್ಕಳಿಗೆ ಪುಕ್ಕಟೆ ಪಾಠ ಎಂದು ಅಮ್ಮ ಫೋನಿನಲ್ಲಿ ಗೊಣಗುತ್ತಿದ್ದಳು. ನಮ್ಮ ಕೋಣೆ ಒಂದು ಪ್ರೆಸ್ ಮಷೀನಿನ ವರ್ಕ್‌ಶಾಪಿಗೆ ಅಂಟಿಕೊಂಡಿತ್ತು. ಓವರ್‌ಟೈಮ್ ಇದ್ದ ಭಾನುವಾರಗಳಲ್ಲಿ ಗೋಡೆಯಾಚೆ ಧಡ್, ಧಡ್. ಒಂದು ಧಡ್ಡಿಗೂ ಇನ್ನೊಂದಕ್ಕೂ ನಡುವೆ ಉತ್ತರ ಹೇಳಿ ಮುಗಿಸುವುದನ್ನು ಮಕ್ಕಳು ಕಲಿತಿದ್ದರು. ನನಗೆ ಅದು ಕೊನೆಗೂ ಬರಲಿಲ್ಲ.

ಕೋಣೆಯನ್ನು ನಡೆಸುತ್ತಿದ್ದವರು ಫ್ಯಾಕ್ಟರಿಯೊಂದರಿಂದ ನಿವೃತ್ತರಾದ ಒಬ್ಬರು. ಎಲ್ಲರಿಗೂ ಅವರು ಸರ್. ಅವರನ್ನು ಕೆಟ್ಟವರೆಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತದೆ, ಆದರೆ ಅವರು ಕೆಟ್ಟವರಲ್ಲ. ನೋಡಲು ಬಂದ ಅತಿಥಿಗಳು ಮನಸ್ಸು ಕರಗಿ ಕೊಟ್ಟದ್ದರಲ್ಲೇ ಬಾಡಿಗೆ ಹುಟ್ಟಬೇಕಿತ್ತು. ಹಾಗಾಗಿ ಅಲ್ಲೊಂದು ರೂಢಿ. ಅತಿಥಿ ಬಂದರೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ಹೆಸರು, ಅಪ್ಪನ ಕೆಲಸ, ದೊಡ್ಡವರಾದ ಮೇಲೆ ಏನಾಗುತ್ತೇವೆ ಎನ್ನುವುದನ್ನು ಹೇಳಬೇಕು. ಮೊದಲೆಲ್ಲ ಎಲ್ಲರೂ ಪೊಲೀಸ್ ಆಗುತ್ತೇವೆ ಎನ್ನುತ್ತಿದ್ದರಂತೆ. ಅತಿಥಿಗಳಿಗೆ ಬೇಜಾರಾಗುತ್ತದೆಂದು ಸರ್ ಕನಸುಗಳನ್ನು ಹಂಚಿಬಿಟ್ಟರು: ನೀನು ಡಾಕ್ಟರ್, ನೀನು ಟೀಚರ್, ನೀನು ಕಲೆಕ್ಟರ್. ಯಾವುದಾದರೂ ಕುಟುಂಬ ಊರಿಗೆ ಹೊರಟುಹೋದರೆ ಆ ಮಗುವಿನ ಕನಸು ಇನ್ನೊಂದು ಮಗುವಿಗೆ ಬರುತ್ತಿತ್ತು. ಕಿಟಕಿಯ ಬಳಿ ಕೂರುತ್ತಿದ್ದ ಒಬ್ಬ ಹುಡುಗಿಗೆ ಬಿಹಾರಕ್ಕೆ ಮರಳಿದ ಯಾರದೋ ಪೈಲಟ್ ಕನಸು ಬಂದಿತ್ತು. ಅಕ್ಕನ ಸ್ವೆಟರ್ ತಂಗಿಗೆ ಬಂದಹಾಗೆ. ಈ ಬರಹ ಅವಳ ಬಗ್ಗೆ.

ಜನವರಿಯಲ್ಲಿ ಆ ಸ್ನೇಹಿತರಿಬ್ಬರೂ ದೆಹಲಿ ನೋಡಲು ಬಂದರು. ಇಬ್ಬರೂ ಕಾಲೇಜಿನ ಕಾಲದವರು. ಒಬ್ಬ ಬ್ಯಾಂಕಿನಲ್ಲಿದ್ದಾನೆ, ಇನ್ನೊಬ್ಬಳು ಕಾಲೇಜಿನಲ್ಲಿ ಲೆಕ್ಚರರ್. ಭಾನುವಾರ ಟ್ಯಾಕ್ಸಿ ಮಾಡಿಕೊಂಡು ಆಗ್ರಾಕ್ಕೆ ಹೋಗುವುದೆಂದಾಯಿತು. ಫರೀದಾಬಾದ್ ದಾರಿಯಲ್ಲೇ ಸಿಗುತ್ತದೆ, ಪಾಠ ಮುಗಿಸಿಯೇ ಹೊರಡೋಣ ಎಂದೆ. ಲೆಕ್ಚರರ್ ಮಕ್ಕಳಿಗೆಂದು ಮೈಸೂರಿನಿಂದ ತಂದಿದ್ದ ಕೋಡುಬಳೆಯ ಡಬ್ಬಿ ಎತ್ತಿಕೊಂಡಳು. ಅವರು ನನ್ನವರು, ಅತಿಥಿಗಳಲ್ಲ, ರೂಢಿ ಬೇಡ ಎಂದು ಸರ್‌ಗೆ ಹಿಂದಿನ ದಿನವೇ ಹೇಳಿದ್ದೆ. ಹೇಳಿದ್ದೆ ಎಂದೇ ನನ್ನ ನೆನಪು. ಅವರು ಇಲ್ಲ ಎನ್ನುತ್ತಾರೆ.

ನಾವು ಒಳಗೆ ಕಾಲಿಡುವಷ್ಟರಲ್ಲಿ ಮಕ್ಕಳು ಮಂಕಿ ಕ್ಯಾಪು ತೆಗೆದು ಸಾಲಾಗಿ ಕೂತಿದ್ದರು. ಡಾಕ್ಟರ್ ಎದ್ದಿತು, ಟೀಚರ್ ಎದ್ದಿತು. ಲೆಕ್ಚರರ್ ಫೋನೆತ್ತಿ ವೀಡಿಯೊ ಮಾಡುತ್ತಿದ್ದಳು. ಬ್ಯಾಂಕಿನವನು ಪ್ರತಿ ಕನಸಿಗೂ 'ಬಹುತ್ ಅಚ್ಛಾ' ಎನ್ನುತ್ತಿದ್ದ. ಕಿಟಕಿಯ ಹುಡುಗಿಯ ಸರದಿ ಬಂತು. ಎದ್ದಳು. ಹೆಸರು ಹೇಳಿದಳು, ಅಪ್ಪ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಾರೆ ಎಂದಳು. ಆಮೇಲೆ ನನ್ನ ಸ್ನೇಹಿತನನ್ನೇ ನೋಡುತ್ತ ನಿಂತಳು.

"ಅಂಕಲ್, ಆಪ್ ಬಡೇ ಹೋಕರ್ ಕ್ಯಾ ಬನೋಗೇ?"

ದೊಡ್ಡವರಾದ ಮೇಲೆ ನೀವೇನಾಗುತ್ತೀರಿ? ಅವಳ ದನಿಯಲ್ಲಿ ತುಂಟತನ ಇತ್ತೆಂದು ಲೆಕ್ಚರರ್ ಹೇಳುತ್ತಾಳೆ. ನನಗೆ ಹಾಗನ್ನಿಸಲಿಲ್ಲ. ಊಟ ಆಯಿತಾ ಎಂದು ಕೇಳಿದ ಹಾಗಿತ್ತು. ಸ್ನೇಹಿತ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಧಡ್. ಅವನು 'ಗೊತ್ತಿಲ್ಲ' ಎಂದನೆಂದು ನನಗೆ ನೆನಪು, ಬರೀ ನಕ್ಕೆ ಎಂದು ಅವನಿಗೆ. ವೀಡಿಯೊದಲ್ಲಿ ಆ ಜಾಗದಲ್ಲಿ ಮಷೀನಿನ ಸದ್ದೊಂದೇ ಇದೆ. ಆಮೇಲೆ ಇಡೀ ಕೋಣೆ ನಗತೊಡಗಿತು. ಕಲೆಕ್ಟರ್ ಎದ್ದು ಲೆಕ್ಚರರನ್ನೂ ಅದನ್ನೇ ಕೇಳಿತು. ಅವಳು ಫೋನು ಕೆಳಗಿಳಿಸಿದಳು.

ಸರ್ ನಗಲಿಲ್ಲ. ನನ್ನನ್ನು ಹೊರಗೆ ಕರೆದು, ಮುಂದಿನ ಭಾನುವಾರ ದುಡ್ಡು ಕೊಡುವ ಕಂಪನಿಯವರು ಬರುತ್ತಾರೆ, ಅವರೆದುರು ಹೀಗಾದರೆ ಕೋಣೆ ಹೋಗುತ್ತದೆ, ಈ ಹುಡುಗಿ ಇನ್ನು ಬರುವುದು ಬೇಡ ಎಂದರು. ನಾನು ವಾದಕ್ಕಿಳಿದೆ. ಆಗ ಅವರು ಒಂದು ದಾರಿ ತೋರಿಸಿದರು. ಅದು ನನ್ನ ತಮಾಷೆ, ನಾನೇ ಹೇಳಿಕೊಟ್ಟದ್ದು ಎಂದು ಎಲ್ಲರೆದುರು ಹೇಳಿಬಿಡಬೇಕು. ಆಗ ಮಗುವಿನ ತಪ್ಪಿಲ್ಲ, ಮೇಡಂ ದೂರದ ಊರಿನವರು, ಅವರಿಗೆ ಇಲ್ಲಿಯದು ತಿಳಿಯದು, ಮುಗಿಯಿತು. ಹುಡುಗಿ ಉಳಿಯುತ್ತಾಳೆ.

ಟ್ಯಾಕ್ಸಿಯವನು ಹಾರ್ನ್ ಮಾಡುತ್ತಿದ್ದ. ಲೆಕ್ಚರರ್ ನನ್ನ ತೋಳು ಹಿಡಿದು ಮೆಲ್ಲಗೆ, "ಒಂದು ಸುಳ್ಳು ತಾನೇ, ಹೇಳ್ಬಿಡೇ ಮಾರಾಯ್ತಿ. ಆ ಮಗುಗೂ ಒಳ್ಳೇದು. ಕತ್ತಲಾದ್ರೆ ತಾಜ್ ಒಳಗೆ ಬಿಡಲ್ಲ," ಎಂದಳು.

ಹೇಳಲು ಹೊರಟಿದ್ದೆ. ಹೌದು, ಹೊರಟಿದ್ದೆ. ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು, ಮಣಿಕಟ್ಟಿಗೆ ಕೋಡುಬಳೆ ತೊಟ್ಟುಕೊಂಡು, ಅದರ ಒಂದು ಕಡೆ ಆಗಲೇ ಕಚ್ಚಿಯಾಗಿತ್ತು. ಸರ್ ಅವಳನ್ನು ನೋಡಿ, ನನ್ನತ್ತ ಕೈ ತೋರಿಸಿ, ದೀದಿ ಹೇಳಿಕೊಟ್ಟದ್ದು ತಾನೇ ಎಂದು ಮೃದುವಾಗಿಯೇ ಕೇಳಿದರು. ತಲೆಯಾಡಿಸಿದ್ದರೆ ಸಾಕಿತ್ತು.

"ದೀದಿ ನೇ ನಹೀಂ ಸಿಖಾಯಾ," ಎಂದಳು. ದೀದಿ ಕಲಿಸಿಲ್ಲ. "ಮೈನೇ ಪೂಛಾ." ಕೇಳಿದ್ದು ನಾನು.

ಹಾಗಿದ್ದರೆ ಸಾರಿ ಹೇಳುವ ತನಕ ಬರಬೇಡ ಎಂದರು ಸರ್. ಅವಳು ಚೀಲ ತೆಗೆದುಕೊಂಡು ಹೊರಟಳು. ಇವಳು ಕೂರುವ ಕಡೆ ನನ್ನ ಪಾಠ ಎಂದೆ ನಾನು. ಸರ್ ನಕ್ಕರು. ನನ್ನ ಹಿಂದಿ ಕೇಳಿ ನಕ್ಕದ್ದೂ ಇರಬಹುದು.

ನಾನು ಅವಳ ಹಿಂದೆಯೇ ಓಡಿದೆ ಎಂದು ಸ್ನೇಹಿತರು ಹೇಳುತ್ತಾರೆ. ಓಡಲಿಲ್ಲ. ಟ್ಯಾಕ್ಸಿ ಹತ್ತಿ ಆಗ್ರಾಕ್ಕೆ ಹೋದೆ. ಮಥುರಾ ದಾಟುವ ತನಕ ಜಗಳವೇ. ಹಠ ನಿನ್ನದು, ನಷ್ಟ ಅವಳದು ಎಂದಳು ಲೆಕ್ಚರರ್. ನಷ್ಟ ಅವಳದೇ, ನಿಜ. ಆದರೆ ಆ ಪ್ರಶ್ನೆ ತನ್ನದೆಂದು ಹುಡುಗಿಯೇ ಹೇಳಿದ ಮೇಲೆ ಅದು ನನ್ನದೆನ್ನಲು ನಾನ್ಯಾರು? ಬಿಹಾರದ ಮಗುವಿನ ಪೈಲಟ್ಟನ್ನು ಅವಳಿಗೆ ತೊಡಿಸಿದ್ದಾಯಿತು, ಈಗ ಅವಳ ಮಾತನ್ನು ಬಿಚ್ಚಿ ನನಗೆ ತೊಡಿಸಬೇಕೇ? ಅದು ನಿನ್ನ ಪಾಠದ ಫಲವೇ, ಒಪ್ಪಿಕೊಂಡರೇನು ಎಂದಳು ಲೆಕ್ಚರರ್. ಮೈಸೂರಿನ ಕತೆ ಹುಟ್ಟಿದ್ದು ಅಲ್ಲಿ, ಆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ.

ತಾಜ್ ಮಂಜಿನಲ್ಲಿ ಮುಚ್ಚಿಹೋಗಿತ್ತು. ಇಲ್ಲಿ ನಿಲ್ಲಿ, ಗದ್ದ ಎತ್ತಿ, ನಗಿ ಎಂದು ಫೋಟೊದವನೊಬ್ಬ ನಮ್ಮನ್ನು ಸಾಲಾಗಿ ನಿಲ್ಲಿಸಿದ. ಗುಮ್ಮಟವನ್ನು ಬೆರಳಲ್ಲಿ ಹಿಡಿದಂತೆ ಕೈಯೆತ್ತಿಸಿದ. ಹಿಡಿಯಲು ಅಲ್ಲಿ ಏನೂ ಕಾಣುತ್ತಿರಲಿಲ್ಲ. ಕೈಯೆತ್ತಿಕೊಂಡೇ ಬ್ಯಾಂಕಿನವನು ನನ್ನ ಕಡೆ ತಿರುಗಿದ.

"ಲೇ, ನಿಜವಾಗ್ಲೂ ನಾನೇನಾಗ್ತೀನೇ?"

"ಮ್ಯಾನೇಜರ್ ಆಗ್ತೀಯ. ಸುಮ್ನೆ ನಿಂತ್ಕೊ," ಎಂದಳು ಲೆಕ್ಚರರ್.

ಮುಂದಿನ ಭಾನುವಾರ ನಾನು ಕೋಣೆಗೆ ಹೋಗಲಿಲ್ಲ. ಅದರ ಹಿಂದಿನ ಗಲ್ಲಿಯಲ್ಲಿ ಹುಡುಗಿಯ ಮನೆ, ಅಲ್ಲಿಗೆ ಹೋದೆ. ಅವಳ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, ಸಾರಿ ಎಂದುಬಿಟ್ಟರೆ ಇವಳ ಗಂಟೇನು ಹೋಗುತ್ತಿತ್ತು, ನೀವಾದರೂ ಬುದ್ಧಿ ಹೇಳಬಾರದಿತ್ತೇ ಎಂದು ದಬಾಯಿಸಿದಳು. ಹೇಳುವುದಿಲ್ಲ ಎಂದೆ. ಒಳಗಿನಿಂದ ಹುಡುಗಿಯೂ ಹೇಳುವುದಿಲ್ಲ ಎಂದಳು. ಬಹುಶಃ ಅವಳೇ ಮೊದಲು ಹೇಳಿದಳು. ಅಮ್ಮ ಹಣೆ ಚಚ್ಚಿಕೊಂಡು ಛಾವಣಿಯ ಮೆಟ್ಟಿಲು ತೋರಿಸಿದಳು.

ಅವತ್ತಿನಿಂದ ಪಾಠ ಆ ಛಾವಣಿಯ ಮೇಲೆ, ನೀರಿನ ಟ್ಯಾಂಕಿಗೂ ಬಟ್ಟೆಯ ಹಗ್ಗಕ್ಕೂ ನಡುವೆ. ಎಲ್ಲರೂ ಎದ್ದು ಬಂದುಬಿಟ್ಟರು ಎಂದು ಮೈಸೂರಿನಲ್ಲಿ ಹೇಳುತ್ತಾರೆ. ಇಲ್ಲ. ಬಂದದ್ದು ಕೆಲವರು. ಕಲೆಕ್ಟರ್ ಬಂತು. ಡಾಕ್ಟರ್ ಕೋಣೆಯಲ್ಲೇ ಉಳಿಯಿತು. ಅಲ್ಲಿ ಕಂಪನಿಯವರು ಕಂಬಳಿ ಕೊಟ್ಟರು, ಚಳಿಗಾಲದಲ್ಲಿ ಕಂಬಳಿ ದೊಡ್ಡ ವಿಷಯ. ಗಲ್ಲಿಯಲ್ಲಿ ಎದುರಾದರೆ ಸರ್ ನಮಸ್ತೆ ಎನ್ನುತ್ತಾರೆ, ನಾನೂ ಎನ್ನುತ್ತೇನೆ. ಅವಳು ಸಾರಿ ಹೇಳಿಲ್ಲ. ಅದು ನನ್ನ ತಮಾಷೆ ಎಂದು ನಾನೂ ಹೇಳಿಲ್ಲ.

ಬರುವ ಚಳಿಗೆ ಮತ್ತೆ ಬರುತ್ತೇವೆ, ಛಾವಣಿ ತೋರಿಸು ಎಂದು ಬ್ಯಾಂಕಿನವನು ಮೊನ್ನೆ ಫೋನು ಮಾಡಿದ್ದ. ಬಾ, ಆದರೆ ಆ ಹುಡುಗಿ ಮತ್ತೆ ಕೇಳುತ್ತಾಳೆ ಎಂದೆ. ಕೇಳ್ಲಿ ಬಿಡು ಎಂದ.

ಅವಳೇನಾಗುತ್ತಾಳೆ ಎಂದು ಓದುವವರು ಕೇಳಬಹುದು. ನಾನು ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಹೋದ ಭಾನುವಾರ ಮುಕ್ಕಾಲಿನಿಂದ ಅರೆ ಕಳೆಯುವುದನ್ನು ಮಾಡಿದೆವು. ಅವಳಿಗೆ ಬಂತು, ಕಲೆಕ್ಟರ್‌ಗೆ ಬರಲಿಲ್ಲ.