ಪಾಪಯ್ಯನ ಎಡಗೆನ್ನೆ

ತಿಲಕ್ ನಗರದ ಪಾಪಯ್ಯ ಸಿನಿಮಾ ಕಟೌಟುಗಳಿಗೆ ನಾಯಕರ ಮುಖ ಬರೆದು ಬದುಕಿದವನು. ಫ್ಲೆಕ್ಸ್ ಬಂದು ಆ ಕೆಲಸ ಹೋದ ಮೇಲೆ ಬನಶಂಕರಿಯಿಂದ ಬಿಟಿಎಂವರೆಗೆ ಅಂಗಡಿಗಳ ಬೋರ್ಡು ಬರೆದ. ತನ್ನ ಮುಖವನ್ನೇ ಬರೆಯಬೇಕೆಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಬಾಯಿಯ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿ, ಎಡದವಡೆ ತೆಗೆಯಲೇಬೇಕೆಂದು ಡಾಕ್ಟರು ಹೇಳಿದ ದಿನ ಹೆಂಡತಿ ಅಂಜನಮ್ಮನೇ ಕೇಳಿದಳು.

“ಆಪರೇಷನ್‌ಗೆ ಮುಂಚೆ ನಿಮ್ಮ ಮುಖ ಒಂದ್ಸಲ ಬರ್ದಿಡ್ರೀ.”

“ಫೋಟೋ ಇದಾವಲ್ಲ.”

“ಫೋಟೋದಲ್ಲಿ ಯಾವತ್ತೂ ಬಿಗ್ದುಕೊಂಡೇ ಇರ್ತೀರ. ನಂಗೆ ಮನೇಲಿರೋ ಮುಖ ಬೇಕು.”

ಬೀರುವಿನ ಕನ್ನಡಿಯ ಮುಂದೆ ಸ್ಟೂಲು ಹಾಕಿ ಕೂತ. ಎಣ್ಣೆಬಣ್ಣ ಒಣಗುವುದು ನಿಧಾನ, ಅದೇ ಅನುಕೂಲವಾಯಿತು. ಸರಿಬಾರದ ತುಟಿಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಬರೆದ. ಊದಿದ್ದ ಕೆನ್ನೆಯನ್ನು ನೆನಪಿನಿಂದ ಸರಿಮಾಡಿದ. ಮುಗಿದಾಗ ಅಂಜನಮ್ಮ “ಇದೇ ಕಣ್ರೀ” ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು.

ಆಪರೇಷನ್ ಆಗಿ ಜೀವ ಉಳಿಯಿತು. ಆದರೆ ಮುಖದ ಎಡಭಾಗ ಒಳಕ್ಕೆ ಕುಸಿದಿತ್ತು. ತೊಡೆಯಿಂದ ತೆಗೆದು ಹೊಲಿದ ಚರ್ಮ ಬೇರೆ ಬಣ್ಣದಲ್ಲೇ ಉಳಿದುಬಿಟ್ಟಿತು. ಮಕ್ಕಳಿಲ್ಲದ ಆ ಮನೆಯಲ್ಲಿ ಅಂಜನಮ್ಮ ಒಬ್ಬಳೇ ಗಾಯ ತೊಳೆದಳು, ಗಂಜಿ ಕುಡಿಸಿದಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮಾತಾಡುವಾಗ ಮಾತ್ರ ಅವಳ ಕಣ್ಣು ಗೋಡೆಯ ಚಿತ್ರದ ಕಡೆ ಹೋಗುತ್ತಿತ್ತು.

“ಸೊಪ್ಪು ಎಷ್ಟು ಎಳೇದಿದೆ ನೋಡ್ರೀ ಇವತ್ತು” ಎಂದು ಅವಳು ಚಿತ್ರಕ್ಕೆ ಹೇಳಿದ್ದನ್ನು ಪಾಪಯ್ಯ ಹಾಸಿಗೆಯ ಮೇಲಿಂದ ಕೇಳಿಸಿಕೊಂಡ. ತಾನು ಯಾರಿಗೆ ಹೇಳುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅವನು ಚಿತ್ರಕ್ಕೆ ಬೆನ್ನು ಮಾಡಿ ಮಗ್ಗುಲಾಗಿ ಮಲಗಿದ.

ಕೈಗೆ ಬಲ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ ಆ ಚಿತ್ರವನ್ನು ಇಳಿಸಿದ್ದು. ಕನ್ನಡಿಯ ಮುಂದೆ ಕೂತು, ಚಿತ್ರದಲ್ಲಿ ಒಣಗಿದ್ದ ಎಡಗೆನ್ನೆಯ ಮೇಲೆ ಹೊಸ ಬಣ್ಣ ಹಚ್ಚತೊಡಗಿದ. ಮಾರ್ಕೆಟ್ಟಿನಿಂದ ಬಂದ ಅಂಜನಮ್ಮ ಚೀಲವನ್ನು ಅಲ್ಲೇ ಹಾಕಿ ಓಡಿಬಂದು ಅವನ ಕೈ ಹಿಡಿದಳು.

“ಬೇಡ ರೀ! ನಂಗಿರೋದು ಅದೊಂದೇ.”

“ನಾನಿದೀನಲ್ಲ ಕಣೇ” ಅಂದ ಪಾಪಯ್ಯ. ಮಾತು ತೊದಲಿತು, ಆದರೂ ಅವಳಿಗೆ ಅರ್ಥವಾಯಿತು. ಹಿಡಿದ ಕೈ ಬಿಟ್ಟು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ: “ಹೊಲಿಗೆ ಎಲ್ಲೀವರ್ಗೂ ಹೋಗಿದೆ? ಕನ್ನಡೀಲಿ ಕಾಣ್ತಿಲ್ಲ.”

ಅಂಜನಮ್ಮ ಎದ್ದು ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಆ ಕೆನ್ನೆಯನ್ನು, ಗಾಯವೆಂದಲ್ಲದೆ ಮುಖವೆಂದು, ಮೊದಲ ಸಲ ನೋಡಿದಳು. ಗೆರೆಯ ಮೇಲೆ ಬೆರಳಿಟ್ಟು, “ಇಲ್ಲಿಂದ... ಕಿವಿ ಹಿಂದಕ್ಕೆ” ಅಂದಳು. ಅತ್ತಳು, ಆದರೆ ಮುಖ ತಿರುಗಿಸಲಿಲ್ಲ. ಪಾಪಯ್ಯ ಕುಂಚವನ್ನು ಕೆಳಗಿಟ್ಟ. ಆ ದಿನ ಚಿತ್ರ ಮುಂದುವರಿಯಲಿಲ್ಲ.