ಎರಡಾಳು ಮಣ್ಣು

ಖಾನಾಪುರದ ಹತ್ತಿರ ನನ್ನ ತವರಿನ ಗದ್ದೆಯ ಮಣ್ಣು ಎಂಥದೆಂದರೆ, ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ವಾಪಸು ಬರುತ್ತದೆ. ಘಟ್ಟಕ್ಕೆ ಬಡಿದ ಮಳೆ ತಲತಲಾಂತರದಿಂದ ತೊಳೆದು ತಂದು ತಗ್ಗಿನಲ್ಲಿ ಕೂರಿಸಿದ ಜಿಗುಟು ಮಣ್ಣು. ನೀರು ಹಿಡಿದಿಡುತ್ತದೆಂದು ಭತ್ತಕ್ಕೆ ಅದೇ ಬೇಕು. ಸುಟ್ಟರೆ ಗಟ್ಟಿಯಾಗುತ್ತದೆಂದು ಇಟ್ಟಂಗಿಗೂ ಅದೇ ಬೇಕು. ಬೆಳಗಾವಿಯಲ್ಲಿ, ಅನಗೋಳದ ನನ್ನ ಗಂಡನ ಮನೆಯ ಸುತ್ತ, ಎಲ್ಲಿ ನೋಡಿದರೂ ಹೊಸ ಮನೆ ಏಳುತ್ತಿವೆ. ಆ ಇಟ್ಟಂಗಿ ಮತ್ತೆಲ್ಲಿಂದ ಬರಬೇಕು, ಆಕಾಶದಿಂದೇನು?

ಅಪ್ಪ ಹೋದ ಮೇಲೆ ಗದ್ದೆ ಮಾಡುತ್ತಿದ್ದವನು ಅಣ್ಣ. ಅದರ ಒಂದು ಮೂಲೆ ಎತ್ತರವಿದ್ದು ನೀರು ನಿಲ್ಲುತ್ತಿರಲಿಲ್ಲ. ಪಕ್ಕದ ಇಟ್ಟಂಗಿ ಭಟ್ಟಿಯ ಮಾಲಕ, "ಆ ದಿನ್ನಿ ಮಣ್ಣ ನಾ ಒಯ್ತೀನ್ರಿ, ನಿಮಗ ಗದ್ದಿ ಸಪಾಟ ಆಗ್ತೈತಿ," ಎಂದ.

"ಮಶೀನ್ ಬ್ಯಾಡ್ರಿ, ಎರಡಾಳು ಸಾಕು," ಎಂದ ಅಣ್ಣ. ಇಬ್ಬರು ಕೂಲಿಯವರು, ಸಲಿಕೆ, ಬುಟ್ಟಿ, ಅಷ್ಟೇ ಅವನ ಅರ್ಥ. ಎಲ್ಲ ಬಾಯಿಮಾತು. ಕಾಗದ ಮಾಡಿಕೊಳ್ಳುವುದೆಂದರೆ ನಮ್ಮ ಮನೆತನಕ್ಕೇ ನಾಚಿಕೆ!

ಮಳೆಗೆ ಇನ್ನೂ ತಿಂಗಳಿರುವಾಗ ಅಣ್ಣ ನನ್ನನ್ನು ಕರೆದೊಯ್ಯಲು ಅನಗೋಳಕ್ಕೆ ಬಂದು ಎರಡು ದಿನ ಉಳಿದ. ಇಬ್ಬರೂ ಊರಿಗೆ ಹೋಗಿ ನೋಡಿದರೆ ಅರ್ಧ ಗದ್ದೆಯೇ ಇಲ್ಲ. ದೊಡ್ಡ ಗುಂಡಿ, ಅದರೊಳಗೆ ಜೆಸಿಬಿ.

"ಎರಡಾಳು ಅಂದಿದ್ದಿ, ಎರಡಾಳು ತೆಗದೀನಿ. ಅಳದ ನೋಡ್ಕೋ," ಎಂದು ಮಾಲಕ ನಕ್ಕ. ನಮ್ಮ ಕಡೆ ಬಾವಿಯ ಆಳವನ್ನೂ ಆಳಿನ ಲೆಕ್ಕದಲ್ಲೇ ಹೇಳುತ್ತಾರೆ. ಒಬ್ಬ ಮನುಷ್ಯ ನಿಂತಷ್ಟು ಆಳ ಒಂದಾಳು. ಆ ಲೆಕ್ಕ ಹಿಡಿದಿದ್ದನಂತೆ, ಭಾಡ್ಯಾ!

ಅಣ್ಣ ಸಲಿಕೆಯಿಂದ ಅವನ ಭುಜಕ್ಕೆ ಬಾರಿಸಿದ. ಅವನು ಅಣ್ಣನ ಕುತ್ತಿಗೆ ಹಿಡಿದು ಗುಂಡಿಯ ಅಂಚಿಗೆ ಒತ್ತಿದ. ಭಟ್ಟಿಯ ಆಳುಗಳು ಓಡಿಬಂದು ಅಣ್ಣನ ಹೊಟ್ಟೆಗೆ ಒದ್ದರು. ಬಾಯಿಂದ ರಕ್ತ ಬಂತು. ಜಗಳಾಡಬೇಡಿ ಎಂದು ದಿನಾ ಮಕ್ಕಳಿಗೆ ಹೇಳುವ ಟೀಚರು ನಾನು. ಒಡ್ಡಿನ ಮೇಲಿನ ಕಲ್ಲೆತ್ತಿ, ಮಾಲಕನ ತಲೆ ಒಡೆಯಬೇಕೆಂದೇ ಬೀಸಿ ಒಗೆದೆ. ಅವನು ಬಗ್ಗಿದ. ಕಲ್ಲು ಅಣ್ಣನ ಎಡಗಣ್ಣಿಗೆ ಬಡಿಯಿತು.

ಕಣ್ಣು ಉಳಿಯಲಿಲ್ಲ. ಬೆಳಗಾವಿಯ ಆಸ್ಪತ್ರೆಗೆ ಪೊಲೀಸರು ಬಂದಾಗ ಅಣ್ಣ, "ಭಟ್ಟಿ ಮಾಲಕ ಹೊಡದಾನ್ರಿ," ಎಂದ. ನಾನು ಬಾಯಿ ತೆರೆದೆ. ಅವನು ನನ್ನ ಕೈ ಗಟ್ಟಿಯಾಗಿ ಒತ್ತಿದ. ಸುಮ್ಮನಾದೆ. ಅದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕೇಸಿಗೆ ಹೆದರಿದ ಮಾಲಕ, ಗುಂಡಿ ತುಂಬಿಸಿ ಕೊಡುತ್ತೇನೆಂದು ರಾಜಿಗೆ ಬಂದ. ತುಂಬಿಸಿಯೂ ಕೊಟ್ಟ, ಗುಡ್ಡದಿಂದ ತಂದ ಕೆಂಪು ಗರಸಿನಿಂದ. ಬರೀ ಹರಳು. ಮೊದಲ ಮಳೆ ಅದರ ಮೇಲೆ ಧೋ ಎಂದು ಸುರಿದು, ಒಂದು ಗಳಿಗೆಯೂ ನಿಲ್ಲದೆ ಇಂಗಿಹೋಯಿತು. ಭತ್ತದ ಸಸಿ ಹಚ್ಚುವ ಮಾತೇ ಇರಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಣ್ಣ ನೋಡುತ್ತ ನಿಂತಿದ್ದ. ನನಗೆ ತಡೆಯಲಾಗದೆ ಅತ್ತುಬಿಟ್ಟೆ. "ಅಣ್ಣಾ, ಕಲ್ಲ ಒಗದಾಕಿ ನಾನ ಅಂತ ಪೊಲೀಸರಿಗೆ ಹೇಳಿಬಿಡ್ತೀನಿ."

"ಸುಮ್ನಿರ, ಹುಚ್ಚಿ," ಎಂದ. "ಒಂದ ಕಣ್ಣ ಕೊಟ್ಟು ಗದ್ದಿ ಬಿಡಿಸ್ಕೊಂಡ್ನಿ ಅಂತ ತಿಳ್ಕೊಂಡಿದ್ನಿ. ಈಗ ಖರೇ ಹೇಳಿದ್ರ ಈ ಗರಸೂ ತಿರುಗಿ ಒಯ್ತಾನ ಆವ."