ಮುಚ್ಚಿದ ಕಿಟಕಿ, ಅಮ್ಮನ ಕೆಂಡ

ಮಿತ್ರರೇ, ಪರದೇಶದ ಈ ಶ್ಯಾಂಟಿಲಿ ಊರಿನಲ್ಲಿ ಗ್ಯಾಸ್ ಬಿಲ್ ಏರಿತೆಂದು ನಾನು ಹೀಟಿಂಗ್ ತಗ್ಗಿಸಿ, ಚಳಿಗಾಳಿ ನುಗ್ಗದಂತೆ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಅಂಟಿಸಿದ್ದೆ. ಬಾಣಂತಿಯಾದ ನನ್ನ ಹೆಂಡತಿಗೆ ಚಳಿಯಾದೀತೆಂದು ಅಮ್ಮ ಇಂದು ಬೆಳಗ್ಗೆ ಬಾರ್ಬೆಕ್ಯೂ ಇದ್ದಿಲು ಹೊತ್ತಿಸಿ, ಬಾಣಲೆ ತುಂಬ ಕೆಂಡ ತಂದು ಅವಳ ಮಂಚದ ಪಕ್ಕ ಇಟ್ಟಳು.

ನಾನು ಕೋಣೆಗೆ ಹೋದಾಗ ಹೆಂಡತಿ, "ತಲೆ ಸಿಡೀತಿದೆ ರೀ, ಮಗು ಹಾಲಿಗೂ ಏಳ್ತಿಲ್ಲ" ಎಂದಳು. ಕೆಂಡದ ವಿಷಗಾಳಿ! ಇಬ್ಬರನ್ನೂ ಹೊರಗೆ ಕರೆತಂದು ಆಂಬುಲೆನ್ಸ್ ಕರೆದೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಮಗು ಕಣ್ಣು ಬಿಟ್ಟಿತು.

"ನಿನ್ನನ್ನೂ ಕೆಂಡದ ಕಾವಲ್ಲೇ ಬೆಳೆಸಿದ್ದು ಕಣೋ" ಎಂದು ಅಮ್ಮ ಅತ್ತಳು.

"ಊರಿನ ಆ ಮನೇಲಿ ಹೆಂಚಿನ ಸಂದೀಲಿ ಗಾಳಿ ಆಡ್ತಿತ್ತಮ್ಮ. ಇಲ್ಲಿ ನಾನೇ ಎಲ್ಲಾ ಮುಚ್ಚಿಬಿಟ್ಟಿದ್ದೆ."

ಸಂಜೆ ಎಲ್ಲರೂ ಮನೆಗೆ ಮರಳಿ ಬಂದೆವು. ಪ್ಲಾಸ್ಟಿಕ್ ಕಿತ್ತೆಸೆದು ಹೀಟಿಂಗ್ ಏರಿಸಿದೆ. ಮಗು ಈಗ ಸೂರು ಹಾರಿಹೋಗುವಂತೆ ಅಳುತ್ತಿದೆ. ಸುಮ್ಮನಿರು ಎನ್ನಲು ನಮಗ್ಯಾರಿಗೂ ಮನಸ್ಸಿಲ್ಲ.